ನೀರಡಿಕೆ, ಬಾಯಾರಿಕೆ, ದಾಹ: ಸಮಾನಾರ್ಥಕತೆಯ ಕಲ್ಪನೆಗೊಂದು ವಿಮರ್ಶೆ

ಸಾರಾಂಶ: ನೀರಡಿಕೆ, ಬಾಯಾರಿಕೆ, ದಾಹ ಎಂಬ ಮೂರು ಪದಗಳನ್ನು ಕನ್ನಡದ ನಿಘಂಟುಗಳೂ ಪಠ್ಯಗಳೂ ಸಮಾನಾರ್ಥಕಗಳೆಂದು ಗಣಿಸುತ್ತವೆ. ಈ ಗಣನೆಯು ದೈಹಿಕ ಅರ್ಥದ ಮಟ್ಟಿಗೆ ಭಾಗಶಃ ಸರಿಯಾದರೂ ಲಾಕ್ಷಣಿಕ ಪ್ರಯೋಗಗಳ ಎದುರು ನಿಲ್ಲುವುದಿಲ್ಲವೆಂದು ಈ ಲೇಖನದಲ್ಲಿ ವಾದಿಸುತ್ತೇವೆ. ಪದದ ಒಳಗೆ ಹುದುಗಿರುವ ಘಟಕವು (ನೀರು, ಬಾಯಿ) ಆ ಪದ ಎಷ್ಟು ದೂರ ಲಾಕ್ಷಣಿಕವಾಗಿ ಚಾಚಬಲ್ಲದು ಎಂಬುದನ್ನು ನಿರ್ಧರಿಸುತ್ತದೆ ಎಂಬುದು ನಮ್ಮ ಪ್ರತಿಪಾದನೆ. ಉದಾಹರಣೆಗಳಿಗೆ ಬಾಗಲಕೋಟೆ ಜಿಲ್ಲೆಯ ಚಿಮ್ಮಡ ಪರಿಸರದ ಕನ್ನಡವನ್ನು ಮುಖ್ಯವಾಗಿ ಆಧರಿಸಿದ್ದೇವೆ.

ಪ್ರಮುಖ ಪದಗಳು: ನೀರಡಿಕೆ, ರೂಪಕ, ಬಹ್ವರ್ಥತೆ, ಚತುರ್ಥೀ ಅನುಭವಿ, ಉತ್ತರ ಕರ್ನಾಟಕದ ಕನ್ನಡ

1. ಪ್ರಶ್ನೆಯ ಸ್ವರೂಪ

ಬಯಕೆಯನ್ನು ಹಸಿವು-ಬಾಯಾರಿಕೆಗಳ ಮೂಲಕ ಗ್ರಹಿಸುವುದು ಮನುಷ್ಯಭಾಷೆಗಳಲ್ಲಿ ವ್ಯಾಪಕವೆಂಬ ಮಾತು ಲೇಕಾಫ್ ಮತ್ತು ಜಾನ್ಸನ್ ಅವರ 1980ರ ಗ್ರಂಥದ ಬಳಿಕ ಅರ್ಥವಿಜ್ಞಾನದ ಪಾಠಗಳಲ್ಲಿ ಬಹುಮಟ್ಟಿಗೆ ಸ್ವೀಕೃತವಾಗಿದೆ. ದೇಹದ ಅನುಭವ ಮೂಲಕ್ಷೇತ್ರ, ಮನಸ್ಸಿನ ಅನುಭವ ಗುರಿಕ್ಷೇತ್ರ. ಮೊದಲನೆಯದರ ರಚನೆ ಎರಡನೆಯದರ ಮೇಲೆ ಆರೋಪಗೊಳ್ಳುತ್ತದೆ. ಈ ಚೌಕಟ್ಟನ್ನು ಕನ್ನಡಕ್ಕೆ ಅನ್ವಯಿಸುವವರು ಸಾಮಾನ್ಯವಾಗಿ 'ಜ್ಞಾನದಾಹ', 'ಅಧಿಕಾರದಾಹ', 'ಧನದಾಹ'ಗಳನ್ನು ಮುಂದಿಟ್ಟು, ಕನ್ನಡದಲ್ಲಿಯೂ ಬಾಯಾರಿಕೆಯೇ ಬಯಕೆಯಾಗುತ್ತದೆ ಎಂದು ಮುಗಿಸುತ್ತಾರೆ. ಅಲ್ಲಿ ಒಂದು ಪ್ರಶ್ನೆ ಕೇಳದೆ ಉಳಿಯುತ್ತದೆ. ರೂಪಕವು ಪರಿಕಲ್ಪನೆಯ ಮಟ್ಟದಲ್ಲಿ ನಡೆಯುವ ವ್ಯಾಪಾರವಾದರೆ, ಆ ಪರಿಕಲ್ಪನೆಯನ್ನು ಹೆಸರಿಸುವ ಎಲ್ಲ ಪದಗಳೂ ಅದರಲ್ಲಿ ಪಾಲುಗೊಳ್ಳಬೇಕಲ್ಲವೆ? 'ಅಧಿಕಾರದಾಹ' ಸಹಜವಾಗಿ ಕೇಳಿಸುವ ಕಿವಿಗೆ 'ಅಧಿಕಾರದ ನೀರಡಿಕೆ' ಏಕೆ ತೊಡರುತ್ತದೆ?

ಈ ತೊಡರು ಉತ್ತರ ಕರ್ನಾಟಕದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ರಬಕವಿ-ಬನಹಟ್ಟಿ ತಾಲ್ಲೂಕಿನ ಚಿಮ್ಮಡ ಹಿಂದೆ ಜಮಖಂಡಿ ತಾಲ್ಲೂಕಿಗೆ ಸೇರಿದ್ದ ಊರು. ಜಮಖಂಡಿ, ಮುಧೋಳ, ಬೀಳಗಿಗಳ ಸುತ್ತಿನ ಈ ಸೀಮೆಯ ದಿನಬಳಕೆಯಲ್ಲಿ ದೇಹದ ಅನುಭವಕ್ಕೆ ಸಲ್ಲುವ ಪದ 'ನೀರಡಿಕಿ'. 'ಬಾಯಾರಿಕೆ' ಪಠ್ಯಪುಸ್ತಕದಿಂದ ಬಂದದ್ದು; 'ದಾಹ' ಭಾಷಣ, ಪತ್ರಿಕೆಗಳಿಂದ ಬಂದದ್ದು. ದಕ್ಷಿಣದ ಊರುಗಳಲ್ಲಿ 'ಬಾಯಾರಿಕೆ'ಯೂ 'ದಾಹ'ವೂ ಮನೆಮಾತಿನಲ್ಲಿಯೇ ಒಟ್ಟಿಗೆ ಇರುವುದರಿಂದ ಅವುಗಳ ಗಡಿ ಮಸುಕಾಗಿದೆ. ಚಿಮ್ಮಡದಂಥ ಊರಿನಲ್ಲಿ ದೇಹದ ಪದ ಒಂದು, ಲಕ್ಷಣೆಯ ಪದ ಇನ್ನೊಂದು ಎಂಬ ವಿಂಗಡಣೆ ಬಿಡಿಯಾಗಿ ನೋಡಲು ಸಿಗುತ್ತದೆ. ಇಲ್ಲಿ ಕೊಡುವ ಮಾದರಿ ವಾಕ್ಯಗಳು ಮಾತಿನ ವಾಡಿಕೆಯನ್ನು ಆಧರಿಸಿದವು. ಅವು ಆವರ್ತನೆಯ ಎಣಿಕೆಗಳಲ್ಲ.

2. ಪದಗಳ ಒಳರಚನೆ

ಒಂದೇ ಅನುಭವವನ್ನು ಈ ಪದಗಳು ಬೇರೆ ಬೇರೆ ಬಾಗಿಲುಗಳಿಂದ ಪ್ರವೇಶಿಸುತ್ತವೆ. 'ನೀರಡಿಕೆ' ಎಂಬುದು 'ನೀರಡಸು' ಅಥವಾ 'ನೀರಡಿಸು' ಎಂಬ ಕ್ರಿಯಾಪದದ ಭಾವನಾಮ. 'ಅಡಸು' ಎಂದರೆ ಒತ್ತು, ಮೇಲೆ ಬೀಳು, ಒದಗು. ಇಂದು ಸ್ವತಂತ್ರವಾಗಿ ಅದು 'ಅಡಸಿ ತುಂಬು' ಎಂಬಂಥ ಪ್ರಯೋಗಗಳಲ್ಲಿ ಮಾತ್ರ ಉಳಿದಿದೆ. ಹೀಗಾಗಿ ಮಾತುಗಾರನಿಗೆ ಸಮಸ್ತಪದದ ಉತ್ತರಾರ್ಧ ಮಬ್ಬಾಗಿದ್ದರೂ ಪೂರ್ವಾರ್ಧವಾದ 'ನೀರು' ನಿಚ್ಚಳವಾಗಿಯೇ ಇದೆ. ಅನುಭವ ಯಾವುದನ್ನು ಬೇಡುತ್ತದೆಯೋ ಆ ವಸ್ತುವನ್ನೇ ಪದ ಹೆಸರಿಸುತ್ತದೆ.

'ಬಾಯಾರಿಕೆ'ಯಲ್ಲಿ ಹೆಸರಾಗಿರುವುದು ಅಂಗ. ಹಳಗನ್ನಡದ 'ಆಱು' ಧಾತುವಿಗೆ ಒಣಗು, ತಣ್ಣಗಾಗು, ನಂದು, ಶಮನವಾಗು ಎಂಬ ಅರ್ಥಗಳಿವೆ. ದೀಪ ಆರುತ್ತದೆ, ಗಾಯ ಆರುತ್ತದೆ, ಬಟ್ಟೆ ಆರುತ್ತದೆ. 'ದಣಿವಾರಿಸಿಕೊಳ್ಳು' ಎಂಬಲ್ಲಿ ಬಾಧೆಯೇ ಆರುವುದರಿಂದ ಫಲಿತಾಂಶ ನೆಮ್ಮದಿ. ತಮಿಳಿನ 'ಪಸಿಯಾರು' ಎಂಬ ಪದವೂ ಹೀಗೆಯೇ: ಅಲ್ಲಿ ಆರುವುದು ಹಸಿವು, ಆದ್ದರಿಂದ ಅದು ಊಟವಾದ ತೃಪ್ತಿಯನ್ನು ಹೇಳುತ್ತದೆ. ಕನ್ನಡದ 'ಬಾಯಾರು'ವಿನಲ್ಲಿ ಆರುವುದು ಬಾಯಿ, ಆದ್ದರಿಂದ ಅದು ಬಾಧೆಯ ಆರಂಭವನ್ನು ಹೇಳುತ್ತದೆ. ಒಂದೇ ಧಾತು ಒಂದೆಡೆ ಸಂಕಟದ ಕೊನೆ, ಇನ್ನೊಂದೆಡೆ ಸಂಕಟದ ಮೊದಲು. ಈ ವ್ಯತ್ಯಾಸಕ್ಕೆ ಕಾರಣ ಧಾತುವಿಗೆ ಕರ್ತೃವಾಗಿ ಸೇರಿದ ನಾಮಪದ. 'ಬಾಯಾರಿಕೆ'ಯ ಅರ್ಥದಲ್ಲಿ 'ಬಾಯಿ' ಇನ್ನೂ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

'ದಾಹ' ಸಂಸ್ಕೃತದ 'ದಹ್' ಧಾತುವಿನಿಂದ ಬಂದದ್ದು, ಮೂಲಾರ್ಥ ಸುಡುವಿಕೆ. ನೆರೆಯ ಮರಾಠಿಯಲ್ಲಿ 'ದಾಹ' ಇಂದಿಗೂ ಉರಿಯೇ. ಕನ್ನಡ, ತೆಲುಗು, ಮಲಯಾಳಗಳಲ್ಲಿ ಅದು ಕುಡಿಯುವ ಬಯಕೆಯಾಗಿದೆ. 'ಪಿಪಾಸೆ' ಎಂಬುದು 'ಪಾ' ಧಾತುವಿನ ಇಚ್ಛಾರ್ಥಕ ರೂಪ, ಅಂದರೆ ಕುಡಿಯಲು ಬಯಸುವಿಕೆ. 'ತೃಷೆ', 'ತೃಷ್ಣೆ'ಗಳ ಧಾತು ಇಂಗ್ಲಿಷಿನ 'ಥರ್ಸ್ಟ್', ಜರ್ಮನ್ನಿನ 'ಡುರ್ಸ್ಟ್' ಪದಗಳಿಗೆ ಸಜಾತೀಯ. ಲ್ಯಾಟಿನ್ನಿನಲ್ಲಿ ಅದೇ ಮೂಲ ಒಣಗಿಸುವ, ಸುಡುವ ಅರ್ಥದಲ್ಲಿ ನಿಂತಿದೆ. ಇವುಗಳ ಜೊತೆಗೆ ಕಾಸರಗೋಡು, ದಕ್ಷಿಣ ಕನ್ನಡಗಳ ಹವ್ಯಕ ಕನ್ನಡದ 'ಆಸರು' ಎಂಬ ಪದವನ್ನೂ ಇಡಬಹುದು: ಅತಿಥಿಗೆ 'ಆಸರಿಂಗೆ' ಏನು ಬೇಕೆಂದು ಕೇಳುವಾಗ ದಣಿವೇ ಬಾಯಾರಿಕೆಯ ಹೆಸರಾಗಿದೆ. ಉತ್ತರ ಕರ್ನಾಟಕದ 'ಆಸರಕಿ-ಬ್ಯಾಸರಕಿ' ಎಂಬ ಜೋಡುನುಡಿ ಇದಕ್ಕೆ ದೂರದ್ದಲ್ಲ.

ಹೀಗೆ ವಸ್ತು, ಅಂಗ, ಉರಿ, ಇಚ್ಛೆ, ಒಣಗುವಿಕೆ, ದಣಿವು ಎಂಬ ಆರು ಪ್ರವೇಶಗಳಿವೆ. ನಮ್ಮ ನಿಘಂಟುಗಳಲ್ಲಿ ಈ ಪದಗಳು ಒಂದಕ್ಕೊಂದು ಅರ್ಥವಿವರಣೆಯಾಗಿ ಬರುವುದು ವಾಡಿಕೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟಿನಿಂದ ಎಂಟು ಸಂಪುಟಗಳ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನವರೆಗೆ ನಡೆದ ದೊಡ್ಡ ಕೆಲಸ ಪ್ರಯೋಗಗಳನ್ನು ಕಾಲಾನುಕ್ರಮವಾಗಿ ಒದಗಿಸಿದೆ. ಆದರೆ ಒಂದು ಪದ ಎಲ್ಲಿ ಬರಲಾರದು ಎಂಬುದನ್ನು ಹೇಳುವ ಜವಾಬ್ದಾರಿಯನ್ನು ಸಮಾನಾರ್ಥಕಗಳ ಪಟ್ಟಿ ಹೊರಲಾರದು. ನಮ್ಮ ತಕರಾರು ಈ ಪಟ್ಟಿಯ ಪದ್ಧತಿಯ ಕುರಿತದ್ದು.

3. ವಿಸ್ತರಣೆಯ ಮಿತಿಗಳು

ಬಾಯಾರಿಕೆಯ ಸನ್ನಿವೇಶದಲ್ಲಿ ಎರಡು ಪಾತ್ರಗಳಿವೆ: ಅನುಭವಿ ಮತ್ತು ಬೇಕಾದ ವಸ್ತು. ಲಾಕ್ಷಣಿಕ ವಿಸ್ತರಣೆ ಇವುಗಳಲ್ಲಿ ಯಾವುದನ್ನಾದರೂ ಬದಲಿಸಬಹುದು. ಮೂರು ಪದಗಳು ಈ ವಿಷಯದಲ್ಲಿ ಹೇಗೆ ವರ್ತಿಸುತ್ತವೆ ಎಂಬುದನ್ನು ನೋಡೋಣ.

(1) ಕಬ್ಬು ನೀರಡಿಸೈತಿ.
(2) ಬಾಯಾರಿದ ನೆಲ
(3) ನೆತ್ತರಿಗೆ ಬಾಯಾರಿದವನು
(4) *ನೆತ್ತರಿನ ನೀರಡಿಕೆ
(5) *ಅಧಿಕಾರದ ನೀರಡಿಕೆ
(6) ಅಧಿಕಾರದಾಹ, ರಕ್ತದಾಹ, ಜ್ಞಾನದಾಹ

(1)ರಲ್ಲಿ ಅನುಭವಿಯ ಸ್ಥಾನಕ್ಕೆ ಬೆಳೆ ಬಂದಿದೆ, ಬೇಕಾದದ್ದು ನೀರೇ. ಕಬ್ಬಿನ ಸೀಮೆಯಲ್ಲಿ ಇದು ಕವಿಮಾತಲ್ಲ, ಹೊಲದ ಮಾತು. (4) ಮತ್ತು (5) ಕೆಡುವುದು ಬೇಕಾದ ವಸ್ತುವಿನ ಸ್ಥಾನದಲ್ಲಿ. ಅಲ್ಲಿ ಪದದೊಳಗೆ ಆಗಲೇ ನೀರು ಕುಳಿತಿದೆ. ನೆತ್ತರಿಗಾಗಲಿ ಅಧಿಕಾರಕ್ಕಾಗಲಿ ಸ್ಥಳವಿಲ್ಲ. (3) ನಿಲ್ಲುತ್ತದೆ, ಏಕೆಂದರೆ 'ಬಾಯಾರು' ಹೆಸರಿಸುವುದು ಅಂಗವನ್ನು; ಬಾಯಿ ನೀರನ್ನೂ ಕುಡಿಯಬಹುದು, ನೆತ್ತರನ್ನೂ ಕುಡಿಯಬಹುದು. (2)ರಲ್ಲಿ ಅನುಭವಿಗೆ ಬಾಯಿ ಬೇಕು. ಬಿಸಿಲಿಗೆ ಬಿರಿದ ಎರೆಹೊಲವನ್ನು 'ಬಾಯಿ ಬಿಟ್ಟೈತಿ' ಎನ್ನುವ ಸೀಮೆಯಲ್ಲಿ ಆ ಬಾಯಿ ಕಣ್ಣಿಗೆ ಕಾಣುವಂಥದ್ದು. 'ದಾಹ' ವಸ್ತುವನ್ನೂ ಹೆಸರಿಸದು, ಅಂಗವನ್ನೂ ಹೆಸರಿಸದು. ಅದರ ಮೂಲದ ಉರಿಯೂ ಕನ್ನಡದ ಸಾಮಾನ್ಯ ಮಾತುಗಾರನಿಗೆ ಮರೆಯಾಗಿದೆ. ಆದ್ದರಿಂದ ಅದು (6)ರಲ್ಲಿ ಎರಡೂ ಸ್ಥಾನಗಳನ್ನು ತೆರೆದಿಟ್ಟಿದೆ.

ಇದರಿಂದ ಒಂದು ಶ್ರೇಣಿ ಹೊರಡುತ್ತದೆ. ನೀರಡಿಕೆ ಅನುಭವಿಯನ್ನು ಮಾತ್ರ ಬದಲಿಸಗೊಡುತ್ತದೆ, ಬಾಯಾರಿಕೆ ಅನುಭವಿಯನ್ನೂ, ಕುಡಿಯಬಹುದಾದಷ್ಟರ ಮಟ್ಟಿಗೆ ವಸ್ತುವನ್ನೂ ಬದಲಿಸಗೊಡುತ್ತದೆ, ದಾಹ ಎಲ್ಲವನ್ನೂ. ಪದದ ಒಳಗೆ ಹೆಸರಾದ ಪಾತ್ರ ಹೊರಗೆ ಬದಲಾಗಲಾರದು ಎಂಬುದು ಇದರ ಹಿಂದಿನ ಸೂತ್ರ.

ಸೂತ್ರವನ್ನು ಎರಡು ಕಡೆಯಿಂದ ಪರೀಕ್ಷಿಸಬಹುದು. ಮೊದಲನೆಯದು ಹಸಿವು. 'ಹಸಿ' ಧಾತು ಹಳಗನ್ನಡದ 'ಪಸಿ', ತಮಿಳಿನ 'ಪಸಿ'ಗಳೊಡನೆ ನಿಲ್ಲುವ ದ್ರಾವಿಡ ಪದ. ಅದರೊಳಗೆ ಅನ್ನವೂ ಇಲ್ಲ, ಹೊಟ್ಟೆಯೂ ಇಲ್ಲ. ನಿರೀಕ್ಷೆಯಂತೆಯೇ 'ಜ್ಞಾನದ ಹಸಿವು', 'ಅಧಿಕಾರದ ಹಸಿವು' ಸಲೀಸಾಗಿ ನಿಲ್ಲುತ್ತವೆ. ಎರಡನೆಯದು ನೆರೆಭಾಷೆ. ಮರಾಠಿಯ 'ತಹಾನ್' ಸಂಸ್ಕೃತದ 'ತೃಷ್ಣಾ', ಪ್ರಾಕೃತದ 'ತಣ್ಹಾ'ಗಳ ಮೂಲಕ ಬಂದ, ಇಂದಿನ ಮಾತುಗಾರನ ಪಾಲಿಗೆ ಬಿಡಿಸಲಾಗದ ಪದ. ದೇಹದ ನೀರಡಿಕೆಗೂ ಅದೇ, ಜ್ಞಾನದ ಬಯಕೆಗೂ ಅದೇ. ಹವೆ ಒಂದೇ, ನೆಲ ಒಂದೇ, ಸಂತೆಯೂ ಎಷ್ಟೋ ಕಡೆ ಒಂದೇ ಆಗಿರುವ ಗಡಿಸೀಮೆಯಲ್ಲಿ ಮರಾಠಿಯ ಪದ ಚಾಚುತ್ತದೆ, ಕನ್ನಡದ ಪದ ಚಾಚುವುದಿಲ್ಲ. ಅನುಭವವೇ ರೂಪಕವನ್ನು ನಿರ್ಧರಿಸುವುದಾದರೆ ಈ ಭೇದಕ್ಕೆ ಕಾರಣ ಸಿಗದು. ಪದರಚನೆಯಲ್ಲಿ ಹುಡುಕಿದರೆ ಸಿಗುತ್ತದೆ.

ಚಹಾ, ತಂಬಾಕುಗಳ ಬಯಕೆಗೂ ಈ ಸೀಮೆಯಲ್ಲಿ 'ನೀರಡಿಕಿ' ಸಲ್ಲದು. 'ಚಾದ ತಲಬು' ಎನ್ನುತ್ತಾರೆ. ಚಹಾ ಕುಡಿಯುವ ಪದಾರ್ಥವೇ ಆದರೂ 'ನೀರು' ಅಲ್ಲವಾದ್ದರಿಂದ ಬೇರೆ ಪದ ಬೇಕಾಗಿದೆ. ಆ ಸ್ಥಾನವನ್ನು ಅರಬ್ಬಿ ಮೂಲದ ಎರವಲು ತುಂಬಿದೆ.

4. ವ್ಯಾಕರಣದ ಸಾಕ್ಷ್ಯ

ದೈಹಿಕ ಮತ್ತು ಲಾಕ್ಷಣಿಕ ಅರ್ಥಗಳ ನಡುವಣ ಗೆರೆಯನ್ನು ವಾಕ್ಯರಚನೆಯೂ ಎಳೆಯುತ್ತದೆ. ಕನ್ನಡದಲ್ಲಿ ಅನುಭವಿ ಚತುರ್ಥೀ ವಿಭಕ್ತಿಯಲ್ಲಿ ಬರುವ ರಚನೆಯನ್ನು ಎಸ್. ಎನ್. ಶ್ರೀಧರ್ ಅವರು 1979ರ ಲೇಖನದಲ್ಲಿ ಕರ್ತೃತ್ವದ ಪ್ರಶ್ನೆಯಾಗಿ ಚರ್ಚಿಸಿದ್ದಾರೆ. ನಮಗೆ ಬೇಕಾದದ್ದು ಆ ರಚನೆಯ ಕ್ರಿಯಾಪದ.

(7) ನಂಗ ನೀರಡಿಕಿ ಆಗೈತಿ.
(8) ನನಗೆ ಹಸಿವಾಗಿದೆ.
(9) ಅವನಿಗೆ ಜ್ಞಾನದ ಹಸಿವಿದೆ.
(10) *ಅವನಿಗೆ ಜ್ಞಾನದ ಹಸಿವಾಗಿದೆ.
(11) *ಅವನಿಗೆ ಅಧಿಕಾರದಾಹ ಆಗಿದೆ.

ದೇಹದ ಬಾಧೆ 'ಆಗು'ತ್ತದೆ. ಅದು ಒಂದು ಗಳಿಗೆಯಲ್ಲಿ ಬಂದು ಒಂದು ತಂಬಿಗೆ ನೀರಿಗೆ ಹೋಗುವ ಘಟನೆ. ಲಾಕ್ಷಣಿಕ ಬಯಕೆ 'ಇರು'ತ್ತದೆ. ಅದು ವ್ಯಕ್ತಿಯ ಸ್ವಭಾವ. ದೈಹಿಕ ಪದ 'ಇರು'ವನ್ನು ಒಪ್ಪುವುದುಂಟು ('ಎರಡು ದಿನದಿಂದ ಹಸಿವಿಲ್ಲ'), ಲಾಕ್ಷಣಿಕ ಪ್ರಯೋಗ 'ಆಗು'ವನ್ನು ಒಪ್ಪುವುದು ಅಪರೂಪ. ಮೂಲಕ್ಷೇತ್ರದ ರಚನೆ ಗುರಿಕ್ಷೇತ್ರಕ್ಕೆ ಇಡಿಯಾಗಿ ವರ್ಗವಾಗುತ್ತದೆ ಎಂಬ ಮಾತಿಗೆ ಇದೊಂದು ತಿದ್ದುಪಡಿ. ಬಾಯಾರಿಕೆಯ ತೀವ್ರತೆ ವರ್ಗವಾಗುತ್ತದೆ, ಅದರ ಕಾಲಸ್ವರೂಪ ವರ್ಗವಾಗುವುದಿಲ್ಲ. ನೀರು ಕುಡಿದರೆ ಮುಗಿಯುವುದು ನೀರಡಿಕೆಯ ಲಕ್ಷಣ. ಪಡೆದರೂ ಮುಗಿಯದಿರುವುದು ದಾಹದ ಲಾಕ್ಷಣಿಕಾರ್ಥದ ಲಕ್ಷಣ. 'ತೀರದ ದಾಹ' ಎಂಬ ನುಡಿಗಟ್ಟು ಸವೆದುಹೋದಷ್ಟು ಬಳಕೆಯಾಗಿರುವುದಕ್ಕೆ ಇದೇ ಕಾರಣ.

5. ಆಕ್ಷೇಪಗಳು

ನಾಲ್ಕು ಆಕ್ಷೇಪಗಳನ್ನು ಎದುರಿಸಬೇಕಾಗಿದೆ.

ಮೊದಲನೆಯದು ಸಮಾಸದ್ದು. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆರೆತರೆ ಅರಿಸಮಾಸವಾಗುತ್ತದೆ ಎಂಬ ಎಚ್ಚರ 13ನೆಯ ಶತಮಾನದ ಕೇಶಿರಾಜನಿಂದ ನಮ್ಮ ವ್ಯಾಕರಣ ಪರಂಪರೆಯಲ್ಲಿದೆ. 'ಜ್ಞಾನ', 'ಅಧಿಕಾರ'ಗಳು ಸಂಸ್ಕೃತ ಪದಗಳಾದ್ದರಿಂದ 'ದಾಹ'ವನ್ನು ಆರಿಸಿಕೊಂಡವು ಎನ್ನಬಹುದು. ಆದರೆ ಷಷ್ಠಿಯ ದಾರಿ ತೆರೆದೇ ಇದೆ. 'ಜ್ಞಾನದ ಹಸಿವು' ಆ ದಾರಿಯಲ್ಲಿ ನಡೆದಿದೆ. 'ಜ್ಞಾನದ ನೀರಡಿಕೆ' ಅದೇ ದಾರಿಯಲ್ಲಿ ನಡೆಯದಿರುವುದಕ್ಕೆ ಸಮಾಸನಿಯಮ ಕಾರಣವಾಗಲಾರದು. 'ದೇಶಿ ಪದ ದೇಹಕ್ಕೆ, ಮಾರ್ಗ ಪದ ಮನಸ್ಸಿಗೆ' ಎಂಬ ಶೈಲಿಭೇದದ ವಿವರಣೆಯನ್ನೂ ಹಸಿವೇ ಬೀಳಿಸುತ್ತದೆ.

ಎರಡನೆಯದು ಚರಿತ್ರೆಯದು. ಅಕ್ಕಮಹಾದೇವಿಯ ವಚನಗಳಲ್ಲಿ 'ತೃಷೆ' ಹಸಿವಿನ ಜೊತೆಗಾರನಾಗಿ, ಕೆರೆ ಬಾವಿಗಳ ನೀರಿನಿಂದ ಹೋಗುವ ದೈಹಿಕ ಬಾಧೆಯಾಗಿ ಬರುತ್ತದೆ. ಜೈನರ 22 ಪರೀಷಹಗಳ ಪಟ್ಟಿ ಹಸಿವು, ನೀರಡಿಕೆಗಳಿಂದಲೇ ಮೊದಲಾಗುತ್ತದೆ. ವಡ್ಡಾರಾಧನೆಯ ಧರ್ಮಘೋಷ ಭಟಾರರು ಗಂಗೆಯ ದಡದಲ್ಲಿ ಸಹಿಸುವುದು ಮೈಯ ತೃಷೆಯನ್ನೇ. ಇತ್ತ ಪಾಲಿಯ 'ತಣ್ಹಾ' ದುಃಖದ ಮೂಲವನ್ನು ಹೆಸರಿಸುವ ಪಾರಿಭಾಷಿಕ ಪದವಾಯಿತು. ಅದೇ ಮೂಲದ ಮರಾಠಿ ಪದ ಮತ್ತೆ ತಂಬಿಗೆಯ ನೀರಿನ ಬಳಿಯೇ ಉಳಿಯಿತು. ಆದ್ದರಿಂದ ಸಂಸ್ಕೃತ ಪದಗಳು ಹುಟ್ಟಿನಿಂದಲೇ ಲಾಕ್ಷಣಿಕ ಎಂದು ನಾವು ಹೇಳುತ್ತಿಲ್ಲ. ನಮ್ಮ ಸೂತ್ರ ಹೇಳುವುದು ಇಷ್ಟೇ: ಒಳರಚನೆ ಮರೆಯಾದ ಪದ ಎತ್ತ ಬೇಕಾದರೂ ಹೋಗಬಹುದು, ಒಳರಚನೆ ಕಾಣುವ ಪದ ಅದರ ಹಗ್ಗದ ಉದ್ದದಷ್ಟೇ ಮೇಯಬಹುದು. 'ತೃಷೆ' ಎರಡೂ ಕಡೆ ಸಿಗುವುದು ಇದಕ್ಕೆ ವಿರುದ್ಧವಲ್ಲ.

ಮೂರನೆಯದು ಅನುವಾದದ್ದು. ಕನ್ನಡ ಬೈಬಲ್ಲಿನ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ 'ಬಾಯಾರು' ಕ್ರಿಯಾಪದವು ನೀತಿಯ ಬಯಕೆಗೆ ಬಂದಿದೆ. ನೀತಿಯನ್ನು ಕುಡಿಯಲಾಗದು. ಇದನ್ನು ಅಪವಾದವೆಂದೇ ಒಪ್ಪಬೇಕು, ಎರಡು ಸಂಗತಿಗಳನ್ನು ಗಮನಿಸುತ್ತ. ಅಲ್ಲಿ 'ಬಾಯಾರು' ಒಂಟಿಯಾಗಿ ಬಂದಿಲ್ಲ, 'ಹಸಿ'ಯ ಬೆನ್ನಿಗೆ ಬಂದಿದೆ. ಹಸಿವು ತೆರೆದ ಬಾಗಿಲಿನಲ್ಲಿ ಅದೂ ನುಸುಳಿದೆ. ಎರಡನೆಯದಾಗಿ, ಮೂಲದ ಜೋಡಿಯನ್ನು ಉಳಿಸುವ ಒತ್ತಡ ಅನುವಾದಕರ ಮೇಲಿತ್ತು. ಹೀಗೆ ಬಂದ ಪ್ರಯೋಗ ಧಾರ್ಮಿಕ ಗದ್ಯದಲ್ಲಿ ನೆಲೆಗೊಂಡಿದೆ. ಆದರೂ ಅದರ ಮಾದರಿಯಲ್ಲಿ 'ಅಧಿಕಾರಕ್ಕೆ ಬಾಯಾರಿದ' ಎಂಬುದು 'ಅಧಿಕಾರದಾಹಿ'ಯಷ್ಟು ರೂಢಿಗೆ ಬಂದಿಲ್ಲ.

ನಾಲ್ಕನೆಯದು ಗಾದೆ ಮತ್ತು ಕಾವ್ಯದ್ದು. ಬಾಯಾರಿದಾಗ ಬಾವಿ ತೋಡುವ ಗಾದೆ ನೀರಿಗೆ ಸಂಬಂಧಿಸದ ಎಷ್ಟೋ ಸಂದರ್ಭಗಳಿಗೆ ಸಲ್ಲುತ್ತದೆ. ಅಲ್ಲಿ ಲಾಕ್ಷಣಿಕವಾಗಿರುವುದು ಇಡೀ ಸನ್ನಿವೇಶ. ಸನ್ನಿವೇಶದೊಳಗಿನ ಬಾಯಾರಿಕೆ ನೀರಿನದೇ, ಬಾವಿಯೂ ನೀರಿನದೇ. ಪದದ ಅರ್ಥ ಚಾಚಿಲ್ಲ. ಇನ್ನು ಕವಿಯೊಬ್ಬರು 'ಒಲವಿನ ನೀರಡಿಕೆ' ಎಂದು ಬರೆದರೆ ನಾವು ತಪ್ಪೆನ್ನಲಾಗದು. ಆದರೆ ಅಲ್ಲಿ ಒಲವು ನೀರಾಗಲೇಬೇಕು. ಓದುಗ ಆ ನೀರನ್ನು ಕಾಣಲೇಬೇಕು. 'ಜ್ಞಾನದಾಹ' ಓದುವಾಗ ಯಾರಿಗೂ ನೀರು ಕಾಣುವುದಿಲ್ಲ. ಬೌಡಲ್ ಮತ್ತು ಗೆಂಟ್ನರ್ 2005ರಲ್ಲಿ ವಿವರಿಸಿದ ರೂಪಕದ ಜೀವನಕ್ರಮದಲ್ಲಿ ಮೊದಲನೆಯದು ಹೊಸ ಹೋಲಿಕೆ, ಎರಡನೆಯದು ರೂಢಿಗೆ ಬಂದ ಅರ್ಥ. ನೀರಡಿಕೆ ಈ ಪ್ರಯಾಣದ ಮೊದಲ ಮೆಟ್ಟಿಲಲ್ಲಿಯೇ ನಿಂತಿರುವಂತೆ ಅದರೊಳಗಿನ ನೀರು ನೋಡಿಕೊಳ್ಳುತ್ತದೆ.

ಈ ಸೀಮೆಯವನೇ ಆದ ರನ್ನನನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಗದಾಯುದ್ಧದಲ್ಲಿ ಭೀಮನ ಕ್ರೋಧಕ್ಕೆ ದುಶ್ಶಾಸನನ ನೆತ್ತರು ಪಾನೀಯವಾಗಿದೆ. ವೈಶಂಪಾಯನ ಸರೋವರದ ನೀರಿನಲ್ಲಿ ಮುಳುಗಿದ ದುರ್ಯೋಧನ ಭೀಮನ ಗರ್ಜನೆ ಕೇಳಿ ಒಳಗೊಳಗೇ ಬೆವರುತ್ತಾನೆ. ನೀರಿನ ನಡುವೆ ಇದ್ದೂ ತಣಿಯದ ಆ ಉರಿಗೆ ಇಂದಿನ ಕನ್ನಡ 'ದಾಹ'ವೆಂಬ ಹೆಸರು ಕೊಡಬಹುದು, 'ನೀರಡಿಕೆ'ಯೆಂಬ ಹೆಸರು ಕೊಡಲಾರದು. ನೀರಡಿಕೆಯಾಗಿದ್ದರೆ ಆ ಸರೋವರವೇ ಸಾಕಾಗಿತ್ತು.

6. ಪದದ ಆಯ್ಕೆ ಮತ್ತು ದೇಹದ ಸತ್ಯ

ಈ ಚರ್ಚೆ ನಿಘಂಟಿನ ಪುಟದಲ್ಲಿ ಮುಗಿಯುವಂಥದ್ದಲ್ಲ. 1918ರಲ್ಲಿ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಬಾಯಿ-ಗಂಟಲುಗಳ ಒಣಗುವಿಕೆಯೇ ಬಾಯಾರಿಕೆಯ ಮೂಲವೆಂದು ವಾದಿಸಿದರು. 1950ರ ದಶಕದಲ್ಲಿ ಬೆಂಗ್ಟ್ ಆಂಡರ್ಸನ್ ಮೇಕೆಗಳ ಮಿದುಳಿನ ಹೈಪೊಥಲಾಮಸ್ ಭಾಗಕ್ಕೆ ಗಾಢ ಉಪ್ಪುದ್ರಾವಣ ಸೇರಿಸಿ ಅವು ನೀರು ಕುಡಿಯುವಂತೆ ಮಾಡಿದರು. ರಕ್ತದ ಸಾಂದ್ರತೆಯನ್ನು ಮಿದುಳು ಗುರುತಿಸುವುದೇ ಮುಖ್ಯ ಕಾರಣವೆಂಬ ತಿಳಿವಳಿಕೆ ಬಲವಾಯಿತು. ಬಾಯಿ ಒಣಗುವುದು ಒಂದು, ದೇಹಕ್ಕೆ ನೀರು ಬೇಕಾಗುವುದು ಇನ್ನೊಂದು. ಕ್ಯಾನನ್ನರ ಸಿದ್ಧಾಂತ 'ಬಾಯಾರಿಕೆ' ಎಂಬ ಪದದ ರಚನೆಗೆ ಹತ್ತಿರ, ನಂತರದ ತಿಳಿವಳಿಕೆ 'ನೀರಡಿಕೆ'ಯ ರಚನೆಗೆ ಹತ್ತಿರ ಎಂಬುದು ಕುತೂಹಲದ ಸಂಗತಿ. ಇದರಿಂದ ಭಾಷೆಗೆ ಶರೀರವಿಜ್ಞಾನ ಮೊದಲೇ ಗೊತ್ತಿತ್ತೆಂದು ಹೇಳುವುದು ಹಾಸ್ಯಾಸ್ಪದ. ಆದರೆ ಎರಡು ಭಿನ್ನ ಲಕ್ಷಣಗಳಿಗೆ ಭಾಷೆಯಲ್ಲಿ ಎರಡು ಪದಗಳಿರುವಾಗ ಅವನ್ನು ಒಂದಾಗಿಸುವುದು ನಷ್ಟವೇ.

ಮಕ್ಕಳ ಅತಿಸಾರದಲ್ಲಿ ನಿರ್ಜಲೀಕರಣವನ್ನು ಅಳೆಯುವಾಗ ಮಗು ಆತುರದಿಂದ ನೀರು ಕುಡಿಯುತ್ತಿದೆಯೇ, ನೀರಡಿಸಿದೆಯೇ ಎಂಬುದು ಆರೋಗ್ಯ ಕಾರ್ಯಕರ್ತರು ನೋಡಬೇಕಾದ ಗುರುತುಗಳಲ್ಲೊಂದು. ಮಧುಮೇಹದ ಲಕ್ಷಣಗಳಲ್ಲಿ ಅತಿಯಾದ ನೀರಡಿಕೆಯೂ ಸೇರಿದೆ. ಕೆಲವು ಔಷಧಿಗಳ ಪರಿಣಾಮ ಬಾಯಿ ಒಣಗುವುದು. 'ನಿಮಗೆ ದಾಹವಿದೆಯೇ' ಎಂದು ಅಚ್ಚಾದ ಪ್ರಶ್ನೆ ಚಿಮ್ಮಡದ ಅಜ್ಜಿಗೆ ಭಾಷಣದ ಮಾತಾಗಿ ಕೇಳಿಸಬಹುದು. 'ಬಾಯಾರುತ್ತದೆಯೇ' ಎಂಬುದು ಬಾಯಿ ಒಣಗುವುದರ ಪ್ರಶ್ನೆಯಾಗಿ ಕೇಳಿಸಬಹುದು. 'ನೀರಡಿಕಿ ಭಾಳ ಆಗ್ತದೇನಬೇ?' ಎಂದರೆ ಸಂದೇಹಕ್ಕೆ ಎಡೆಯಿಲ್ಲ. ಸಮಾನಾರ್ಥಕಗಳ ಪಟ್ಟಿಯನ್ನು ನಂಬಿ ಅನುವಾದಿಸಿದ ಪ್ರಶ್ನಾವಳಿಯಲ್ಲಿ ತಪ್ಪು ಉತ್ತರ ಬಂದರೆ ಅದರ ಹೊಣೆ ರೋಗಿಯದಲ್ಲ.

ನೀರಿನ ರಾಜಕೀಯಕ್ಕೂ ಇದು ಅನ್ವಯಿಸುತ್ತದೆ. 1989ರಲ್ಲಿ ಜಮಖಂಡಿ ಸೀಮೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ನದಿಗೆ ಚಿಕ್ಕಪಡಸಲಗಿಯಲ್ಲಿ ತಾವೇ ಬ್ಯಾರೇಜು ಕಟ್ಟಿಕೊಂಡರು. ಅದು 'ಶ್ರಮ ಬಿಂದು ಸಾಗರ'ವೆಂದು ಹೆಸರಾಯಿತು. ಇಂಥ ಕಾಮಗಾರಿಗಳನ್ನು ವರ್ಣಿಸುವ ಪತ್ರಿಕಾಭಾಷೆ 'ರೈತರ ದಾಹ ತಣಿಸಿತು' ಎಂಬ ಮಾದರಿಗೆ ಒಗ್ಗಿಹೋಗಿದೆ. 'ದಾಹ' ಅಧಿಕಾರದೊಂದಿಗೂ ಹಣದೊಂದಿಗೂ ಕೂಡಿ ಬರುವ ಪದವಾದ್ದರಿಂದ, ಕೊಟ್ಟಷ್ಟೂ ತೀರದ ಬಯಕೆಯ ನೆರಳು ಅದರ ಜೊತೆಗೇ ಬರುತ್ತದೆ. 'ನೀರಡಿಕೆ'ಗೆ ಆ ನೆರಳಿಲ್ಲ. ಅದು ಇಷ್ಟು ನೀರು ಸಿಕ್ಕರೆ ತೀರುವ, ಆದ್ದರಿಂದ ಕೇಳುವ ಹಕ್ಕಿರುವ ಅಗತ್ಯದ ಹೆಸರು.

7. ಸಮಾಪ್ತಿ

ನಮ್ಮ ವಿಮರ್ಶೆಯ ಗುರಿ ಪರಿಕಲ್ಪನಾ ರೂಪಕದ ಸಿದ್ಧಾಂತವನ್ನು ತಳ್ಳಿಹಾಕುವುದಲ್ಲ. ಅದಕ್ಕೆ ಪದರಚನೆಯ ಅಧ್ಯಾಯವೊಂದನ್ನು ಸೇರಿಸುವುದು. ಸಮಸ್ತ ರೂಪದ ದೈಹಿಕ ಪದಗಳಿರುವ ಭಾಷೆಗಳಲ್ಲಿ ಒಳಗೆ ಹೆಸರಾದ ಪಾತ್ರ ಯಾವುದು, ಅದು ಇಂದಿಗೂ ಕಾಣುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ರೂಪಕದ ವ್ಯಾಪ್ತಿಯನ್ನು ಹೇಳಲಾಗದು. ಇದನ್ನು ತೋರಿಸುವುದಕ್ಕೆ ಇಲ್ಲವೇ ಅಲ್ಲಗಳೆಯುವುದಕ್ಕೆ ಬೇಕಾದ ಕೆಲಸ ಸ್ಪಷ್ಟವಾಗಿದೆ: ಕನ್ನಡದ ಪ್ರಾದೇಶಿಕ ಪ್ರಭೇದಗಳಲ್ಲಿ ಈ ಪದಗಳ ಸಹಪ್ರಯೋಗಗಳನ್ನು ಎಣಿಸುವುದು, 'ಆಗು' ಮತ್ತು 'ಇರು'ಗಳ ವಿತರಣೆಯನ್ನು ಪರೀಕ್ಷಿಸುವುದು, ಹಳಗನ್ನಡದಿಂದ ಇಂದಿನವರೆಗೆ 'ತೃಷೆ' ದೇಹವನ್ನು ಬಿಟ್ಟುಕೊಟ್ಟ ಹಾದಿಯನ್ನು ಗುರುತಿಸುವುದು. ಅಲ್ಲಿಯವರೆಗೆ ನಿಘಂಟುಕಾರರಲ್ಲಿ ನಮ್ಮ ಕೋರಿಕೆ ಚಿಕ್ಕದು. 'ನೀರಡಿಕೆ'ಯ ಎದುರು 'ಬಾಯಾರಿಕೆ, ದಾಹ' ಎಂದು ಬರೆದು ನಿಲ್ಲಿಸದೆ, ಅದು ನೀರಿಗಲ್ಲದೆ ಬೇರೆಯದಕ್ಕೆ ಸಲ್ಲದು ಎಂಬ ಒಂದು ಸಾಲನ್ನೂ ಸೇರಿಸಲಿ.